ಹಿಟ್ಟಿಗೆ ಹೇಳುವ ಮಾತು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲ ದಿನವೇ ಒಂದು ತಪ್ಪು ಮಾಡುತ್ತಾರೆ. ಎದುರಿಗೆ ಸಿಕ್ಕವರನ್ನು ನಗುನಗುತ್ತಾ ‘ಏನು ವಿಶೇಷ?’ ಎಂದು ಕೇಳಿಬಿಡುತ್ತಾರೆ. ಬೇರೆ ಊರುಗಳಲ್ಲಿ ಅದು ಮರ್ಯಾದೆಯ ಮಾತಿರಬಹುದು. ನಮ್ಮಲ್ಲಿ ಅದು ಇನ್ನೊಬ್ಬರ ಅಡುಗೆಮನೆಯ ಡಬ್ಬಿಗೆ ಕೈ ಹಾಕಿದ ಹಾಗೆ. ವಿಶೇಷ ಏನಾದರೂ ಇದ್ದರೆ ಅದನ್ನು ನಿಮಗೆ ಯಾಕೆ ಹೇಳಬೇಕು? ಬೆಳಗಾದರೆ ಹಿಟ್ಟು ನಾದಬೇಕು, ಅದಕ್ಕೆ ಹೇಳುವುದಕ್ಕೆ ಏನಾದರೂ ಬೇಡವೇ? ಹಾಗಾಗಿ ನಮ್ಮವರು ‘ಏನಿಲ್ಲ’ ಎಂದು ಹೇಳಿ ಜಾರಿಕೊಳ್ಳುತ್ತಾರೆ. ಹಾಗಂದವರ ಹತ್ತಿರ ಒಳ್ಳೆಯದೊಂದು ಮಾತು ಇದೆ ಎಂದೇ ಅರ್ಥ.

ನಮ್ಮಲ್ಲಿ ಬ್ರೆಡ್ಡಿನ ಹಿಟ್ಟು ಸುಮ್ಮನೆ ಉಬ್ಬುವುದಿಲ್ಲ. ಮೈದಾಕ್ಕೆ ಜಾಡಿಯಲ್ಲಿ ಕಾಪಿಟ್ಟ ಹಳೇ ಹಿಟ್ಟಿನ ಹುಳಿ ಹಾಕಿ, ಹಾಲು, ಸಕ್ಕರೆ, ಚಿಟಿಕೆ ಉಪ್ಪು, ಬೆಣ್ಣೆ ಸೇರಿಸಿ, ಅಂಗೈಯಿಂದ ಒತ್ತಿ ಒತ್ತಿ ನಾದುತ್ತಾ, ಅದು ಇದುವರೆಗೆ ಕೇಳಿಲ್ಲದ ಒಂದು ಮಾತನ್ನು ಅದಕ್ಕೆ ಹೇಳಬೇಕು. ಹೇಳಿದರೆ ಒದ್ದೆ ಬಟ್ಟೆಯ ಕೆಳಗೆ ಮೆಲ್ಲಗೆ ಮೇಲೇಳುತ್ತದೆ. ಹೇಳದಿದ್ದರೆ ಇಟ್ಟಲ್ಲೇ ಕೂತಿರುತ್ತದೆ. ನಿಮ್ಮ ಮನೆಯ ಹಿಟ್ಟು ಕೇಳಿಲ್ಲ ಅಂದರೂ ಸಾಲದು. ಊರಿನ ಎಲ್ಲಾ ಮನೆಗಳ ಹುಳಿಯೂ ಹಳೇ ಛತ್ರದ ಕಲ್ಲುಬಾನಿಯಿಂದ ಬಂದದ್ದು. ಒಂದು ಮನೆಯಲ್ಲಿ ಹೇಳಿದ್ದು ಊರಿಗೆಲ್ಲ ಹಳೆಯದಾಯಿತು. ಸುಳ್ಳು ಕಟ್ಟಿ ಹೇಳೋಣವೆಂದರೆ, ಉಬ್ಬುವುದೇನೋ ಉಬ್ಬುತ್ತದೆ, ಭಟ್ಟಿಯೊಳಗೆ ಹೋದಮೇಲೆ ಕುಸಿದುಬಿಡುತ್ತದೆ. ಸಾವು, ಹೆರಿಗೆ, ಕಳ್ಳತನ ಇಂಥ ದೊಡ್ಡ ಸುದ್ದಿಗಳಿಂದ ನಮಗೆ ಪ್ರಯೋಜನ ಕಡಿಮೆ. ನೀವು ಹಿಟ್ಟು ಕಲಸುವಷ್ಟರಲ್ಲಿ ಬೇಗ ಎದ್ದವಳು ಯಾರೋ ಹೇಳಿ ಮುಗಿಸಿರುತ್ತಾಳೆ. ಕೆರೆ ಏರಿ ಒಡೆದಾಗ ಏರಿಯ ಪಕ್ಕದ ಮನೆಯವಳ ಬನ್ನು ಮಾತ್ರ ಉಬ್ಬಿತು, ಉಳಿದ ಊರು ಚಪ್ಪಟೆ ಬ್ರೆಡ್ಡು ತಿಂದಿತು. ಹಾಗಾಗಿ ಸಣ್ಣ ಸಣ್ಣದನ್ನು ನೋಡುವುದು ನಮಗೆ ಅಭ್ಯಾಸವಾಗಿಹೋಗಿದೆ. ನನ್ನ ಎಡಗಿವಿ ಬಲಗಿವಿಗಿಂತ ಯಾವಾಗಲೂ ಸ್ವಲ್ಪ ತಣ್ಣಗಿರುತ್ತದೆ ಎಂದು ಒಮ್ಮೆ ಹೇಳಿದೆ ನೋಡಿ, ಹಿಟ್ಟು ಬೋಗುಣಿಯ ಅಂಚು ದಾಟಿ ಕೆಳಗೆ ಇಳಿಯಿತು. ಹಳೆಯ ಮಾತಾದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ನಾನು ವಿಶಾಲು. ರವಿಕೆ ಹೊಲಿಯುತ್ತೇನೆ. ಬೆಳಕು ಚೆನ್ನಾಗಿ ಬರುತ್ತದೆ ಅಂತ ಹೊಲಿಗೆ ಮಿಷನ್ನನ್ನು ಕಿಟಕಿಯ ಪಕ್ಕ ಹಾಕಿಕೊಂಡಿದ್ದೇನೆ. ಬೆಳಕಿನ ಜೊತೆ ಬೀದಿಯೂ ಒಳಗೆ ಬರುತ್ತದೆ, ಅದಕ್ಕೆ ನಾನೇನು ಮಾಡಲಿ? ನನಗೆ ಕುತೂಹಲ ಸ್ವಲ್ಪ ಜಾಸ್ತಿ. ಬೀದಿಯವರು ಇದಕ್ಕೆ ಬೇರೆ ಹೆಸರು ಇಟ್ಟಿದ್ದಾರೆ, ಇಟ್ಟುಕೊಳ್ಳಲಿ. ಮನೆಗೆ ನೆಂಟರು ಬಂದ ದಿನ ನನ್ನ ಮೆತ್ತನೆ ಬನ್ನು ಕೇಳಿಕೊಂಡು ಬರುವವರೂ ಅವರೇ. ಇನ್ನೊಬ್ಬರು ಹಿಟ್ಟಿಗೆ ಮಾತಾಡುವಾಗ ಕೇಳಿಸಿಕೊಳ್ಳಬಾರದು ಅನ್ನುವುದು ನಮ್ಮೂರಿನ ಕಟ್ಟುನಿಟ್ಟು. ಪಕ್ಕದಲ್ಲಿದ್ದರೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳಬೇಕು. ನಾನೂ ತಪ್ಪದೆ ಮುಚ್ಚಿಕೊಳ್ಳುತ್ತೇನೆ. ಬೆರಳುಗಳ ನಡುವೆ ಸಂದಿ ಇಟ್ಟಿದ್ದು ನಾನಲ್ಲ, ದೇವರು.

ನನ್ನ ಕಿಟಕಿಯ ಎದುರಿಗೇ ಹೊಂಬಾಳಮ್ಮನವರ ಮನೆ. ಅವರ ಬನ್ನು ಎಂದರೆ ಊರೇ ಬಾಯಿ ಚಪ್ಪರಿಸುತ್ತಿತ್ತು. ಬೆರಳಿಂದ ಅದುಮಿದರೆ ತಗ್ಗಿ, ಬಿಟ್ಟರೆ ನಿಧಾನಕ್ಕೆ ಮೇಲೆ ಬರುವ ಬನ್ನು, ಮೇಲೆ ಹಾಲು ಸವರಿದ ಕೆಂಪು ಹೊಳಪು. ಅವರ ಬೋಗುಣಿಗೆ ಬೇರೆಯವರು ಕೈ ಹಾಕುವ ಹಾಗಿರಲಿಲ್ಲ. ಮಗ ಲಿಂಗರಾಜುವಿಗೆ ಹಿಟ್ಟಿನ ಗಿರಣಿಯಲ್ಲಿ ಕೆಲಸ. ಗಿರಣಿಯ ಸದ್ದಿನಲ್ಲಿ ಇದ್ದು ಇದ್ದು ಅವನು ಮಾತೇ ಬಿಟ್ಟಿದ್ದ. ಅವನಿಗೆ ಹೆಣ್ಣು ತರುವಾಗ ಹೊಂಬಾಳಮ್ಮ ಊರಿನ ಹುಡುಗಿಯರ ಕಡೆ ತಿರುಗಿಯೂ ನೋಡಲಿಲ್ಲ. ಹೊರಗಿನ ಸೊಸೆ ಬೇಕು ಅಂತ ನಮ್ಮಲ್ಲಿ ಎಲ್ಲ ಅತ್ತೆಯರಿಗೂ ಆಸೆ. ಅವಳ ತವರು, ಅವಳ ಬಾಲ್ಯ, ಅಲ್ಲಿನ ಹಾದಿ, ಅಲ್ಲಿನ ಜನ, ಒಂದನ್ನೂ ಇಲ್ಲಿನ ಹಿಟ್ಟು ಕೇಳಿರುವುದಿಲ್ಲವಲ್ಲ. ಹಾಗೆ ದೂರದ ನದಿ ದಂಡೆಯ ಊರಿನಿಂದ ಸುನಂದ ಬಂದಳು.

ಆ ವರ್ಷದ ಬನ್ನುಗಳನ್ನು ನಮ್ಮ ಬೀದಿ ಮರೆಯುವುದಿಲ್ಲ. ದಿನಾ ಬೆಳಿಗ್ಗೆ ಹೊಂಬಾಳಮ್ಮ ಸೊಸೆಯನ್ನು ಜಗಲಿಯಲ್ಲಿ ಎದುರಿಗೆ ಕೂರಿಸಿಕೊಂಡು, ತಲೆಗೆ ಎಣ್ಣೆ ಹಚ್ಚುತ್ತಾ ಕೇಳುತ್ತಿದ್ದರು. ‘ನಿಮ್ಮಪ್ಪ ಏನು ಮಾಡ್ತಿದ್ರು? ಹೂಂ, ಆಮೇಲೆ? ಆಮೇಲೆ ಏನಾಯ್ತು?’ ತನ್ನನ್ನು ಇಷ್ಟು ಕೇಳುವವರು ಒಬ್ಬರಿದ್ದಾರಲ್ಲ ಅನ್ನುವ ಸಂತೋಷದಲ್ಲಿ ಹುಡುಗಿ ಅತ್ತೆಯ ಕಿವಿಯ ಹತ್ತಿರ ಬಾಗಿ ಬಾಗಿ ಹೇಳುತ್ತಿದ್ದಳು. ಎಷ್ಟು ಮೆಲ್ಲಗೆ ಅಂದರೆ ಕಿಟಕಿಯವರೆಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆಮೇಲೆ ಅತ್ತೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಅದನ್ನೆಲ್ಲ ಹಿಟ್ಟಿಗೆ ಹೇಳುತ್ತಿದ್ದರು. ನಾವು ತಿನ್ನುತ್ತಿದ್ದೆವು. ನಾನಂತೂ ಕಾಫಿಯಲ್ಲಿ ಅದ್ದಿ ಅದ್ದಿ ತಿಂದೆ. ಹೀಗೇ ನಡೆದು ಒಂದು ದಿನ ಸುನಂದಳ ತವರು ಮುಗಿದುಹೋಯಿತು, ಹೇಳದೆ ಉಳಿದದ್ದು ಏನೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಎಣ್ಣೆಯ ಬಟ್ಟಲು ಹಿಡಿದು ಬಂದು ಕೂತಳು. ಹೊಂಬಾಳಮ್ಮ ‘ನೀನೇ ಹಚ್ಕೊಳಮ್ಮ’ ಎಂದು ಎದ್ದು ಹೋದರು. ಅವಳು ಬಟ್ಟಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದನ್ನು ನಾನು ಕಣ್ಣಾರೆ ಕಂಡೆ. ಹೊಂಬಾಳಮ್ಮ ಕೆಟ್ಟವರಲ್ಲ. ಹೊರಗಿನಿಂದ ಬಂದ ಸೊಸೆಯರಿಗೆಲ್ಲ ನಮ್ಮಲ್ಲಿ ಹೀಗೇ ಆಗುತ್ತದೆ. ಅಲ್ಲಿಂದಾಚೆ ಸುನಂದ ಮಾತು ಕಡಿಮೆ ಮಾಡಿದಳು, ಯಾರೂ ಕೇಳಲೂ ಇಲ್ಲ.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಸುನಂದಳ ನಡವಳಿಕೆ ನನಗೆ ವಿಚಿತ್ರವಾಗಿ ಕಾಣತೊಡಗಿತು. ನಲ್ಲಿಗೆ ನೀರಿಗೆಂದು ಹೋದವಳು ಕೊಡ ಕೆಳಗಿಟ್ಟು ಗಿರಣಿಯ ಗೋಡೆಗೆ ಕಿವಿ ಕೊಟ್ಟು ನಿಲ್ಲುವಳು. ಬಾಳೆಯ ದಿಂಡನ್ನು ಉಗುರಿನಿಂದ ಗೀರಿ ಮೂಸುವಳು. ಅಂಗಡಿಗೆ ಹೋಗುತ್ತಾ ಅರ್ಧ ದಾರಿಯಲ್ಲಿ ನಿಂತು ತಂತಿಯ ಮೇಲಿನ ಕಾಗೆಯನ್ನು ಅದು ಹಾರಿಹೋಗುವ ತನಕ ನೋಡುವಳು. ಒಂದು ದಿನ ನಮ್ಮ ಮನೆ ಮೆಟ್ಟಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತಿದ್ದಳು.

‘ಏನ್ ಸುನಂದ, ಏನಾದ್ರೂ ಬಿದ್ದುಹೋಯ್ತಾ?’ ಎಂದು ಕಿಟಕಿಯಿಂದ ಕೇಳಿದೆ.

‘ಏನಿಲ್ಲ ವಿಶಾಲಕ್ಕ’ ಎಂದು ಎದ್ದು ಸೀರೆ ಕೊಡವಿಕೊಂಡು ಹೋದಳು.

ಏನಿಲ್ಲ ಅಂದಳಲ್ಲ, ಅಲ್ಲಿಗೆ ನನ್ನ ನಿದ್ದೆ ಕೆಟ್ಟಿತು. ಅವಳು ಮಾತು ಕೂಡಿಹಾಕುತ್ತಿದ್ದಾಳೆ ಅನ್ನುವುದು ಸರಿಯೇ. ಆದರೆ ಯಾರಿಗೆ? ಆ ಮನೆಯಲ್ಲಿ ನಾದುವವರು ಹೊಂಬಾಳಮ್ಮ. ಸೊಸೆ ಕೂಡಿಹಾಕಿ ಏನು ಮಾಡುತ್ತಾಳೆ? ಇನ್ನೊಂದು ವಿಷಯವೂ ನನ್ನ ತಲೆ ಕೊರೆಯುತ್ತಿತ್ತು. ಆ ವಾರವೇ ಹೊಂಬಾಳಮ್ಮ ನಮ್ಮ ಮನೆಗೆ ಬಂದು ‘ನನ್ನ ಹಸಿರು ರವಿಕೆ ಆಯ್ತೇನೆ ವಿಶಾಲು?’ ಎಂದು ಕೇಳಿದ್ದರು. ‘ಮೈಮೇಲೇ ಇದೆಯಲ್ಲ ದೊಡ್ಡಮ್ಮ’ ಎಂದೆ. ಅವರು ತೋಳು ನೋಡಿಕೊಂಡು ನಕ್ಕರು. ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅದನ್ನೇ ಕೇಳಿದರು, ಆಗ ಮಾತ್ರ ನನಗೆ ನಗು ಬರಲಿಲ್ಲ.

ತಡೆಯಲಾರದೆ ಒಂದು ಮಧ್ಯಾಹ್ನ ಅವರ ಮನೆಯ ಜರಡಿ ವಾಪಸು ಕೊಡುವ ನೆಪ ಮಾಡಿಕೊಂಡು ಹಿತ್ತಲ ಬಾಗಿಲಿಂದ ಹೋದೆ. ಹೊಂಬಾಳಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಅಡುಗೆಮನೆಯಲ್ಲಿ ಸುನಂದ ಬೋಗುಣಿಗೆ ಎರಡೂ ಕೈ ಹಾಕಿ ನಾದುತ್ತಾ ಕೂತಿದ್ದಳು. ನಾನು ಜರಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪದ್ಧತಿಯ ಪ್ರಕಾರ ಕಿವಿ ಮುಚ್ಚಿಕೊಂಡೆ. ಅವಳು ಹಿಟ್ಟಿಗೆ ಹೇಳುತ್ತಿದ್ದಳು: ‘ವಿಶಾಲಕ್ಕನ ಮನೆ ಇರುವೆಗಳು ರವಿಕೆ ಹುಕ್ಕು ಒಂದನ್ನ ಹೊತ್ಕೊಂಡು ಹೋದ್ವು. ಗೂಡಿನ ಬಾಯಿಗೆ ಅಡ್ಡ ಇಟ್ವು, ಬಾಗಿಲಿಗೆ ಅಗುಳಿ ಹಾಕಿದ ಹಾಗೆ.’ ನನಗೆ ಹೊಟ್ಟೆ ಉರಿಯಿತು. ಹುಕ್ಕು ನನ್ನದು, ಮೆಟ್ಟಿಲು ನನ್ನದು, ಇರುವೆಯೂ ನನ್ನದೇ ಅನ್ನಿ, ನೋಡಿದವಳು ಅವಳು. ಅಷ್ಟರಲ್ಲಿ ಅವಳು ತಿರುಗಿ ನನ್ನನ್ನು ಕಂಡು ಕೈ ನಿಲ್ಲಿಸಿದಳು.

‘ಯಾರಿಗೂ ಹೇಳ್ಬೇಡಿ ವಿಶಾಲಕ್ಕ’ ಎಂದು ಪಿಸುಗುಟ್ಟಿದಳು. ‘ಅತ್ತೆ ಮರೀತಿದ್ದಾರೆ. ಬೆಳಿಗ್ಗೆ ನಾದ್ತಾರೆ, ಹಿಟ್ಟಿಗೆ ಮೇಕೆ ಕಥೆ ಹೇಳ್ತಾರೆ. ನಿನ್ನೇನೂ ಮೇಕೆ, ಇವತ್ತೂ ಮೇಕೆ. ಅವರ ಮದುವೆ ದಿನ ಮೇಕೆಯೊಂದು ಒಳಗೆ ನುಗ್ಗಿ, ಕೊರಳಲ್ಲಿದ್ದ ಹಾರಾನ ಕೊರಳಲ್ಲೇ ತಿಂದುಹಾಕ್ತಂತೆ. ಯಾವತ್ತೋ ಹೇಳಿ ಮುಗಿಸಿದ್ದು. ಹೇಳಿಬಿಟ್ಟು ನನ್ನ ಕಡೆ ತಿರುಗಿ, ಇವತ್ತು ನೋಡು ಹೇಗೆ ಉಬ್ಬತ್ತೆ ಅಂತ ನಗ್ತಾರೆ. ಹಿಟ್ಟು ಕದಲಿರಲ್ಲ. ಅವರು ಮಲಗಿದ ಮೇಲೆ ನಾನು ಇನ್ನೊಂದು ಸಲ ನಾದಿ ಏನಾದ್ರೂ ಹೊಸದು ಹೇಳ್ತೀನಿ. ಎದ್ದು ಬಂದು ಉಬ್ಬಿರೋದು ನೋಡಿದ್ರೆ ಅವರಿಗೆ ಸಮಾಧಾನ.’

‘ಇಷ್ಟು ಕಳ್ಳಾಟ ಯಾಕೆ? ನೀನೇ ನಾದ್ಕೊಂಡ್ರಾಯ್ತು’ ಎಂದೆ.

‘ನಿನ್ನೆ ಇವರನ್ನ ನೋಡಿ ಯಾರಪ್ಪಾ ನೀನು ಅಂದ್ರು. ಸ್ವಂತ ಮಗ ವಿಶಾಲಕ್ಕ. ಇವರು ಊಟ ಬಿಟ್ಟು ಎದ್ದುಹೋದ್ರು. ಬೋಗುಣಿ ಮುಂದೆ ಕೂತಾಗ ಮಾತ್ರ ಅತ್ತೆಗೆ ತಾನು ಹೊಂಬಾಳಮ್ಮ ಅಂತ ಗೊತ್ತಿರತ್ತೆ. ಅದನ್ನೂ ಕಿತ್ಕೊಂಡ್ರೆ ಅವರಿಗೆ ಇನ್ನೇನಿದೆ?’ ಅವಳು ಒದ್ದೆ ಬಟ್ಟೆಯನ್ನು ಹಿಂಡಿ ಹಿಟ್ಟಿಗೆ ಹೊದಿಸಿದಳು. ‘ಹುಳಿ ನೋಡೋ ದಿನ ಬೇರೆ ಹತ್ರ ಬಂತು.’

ಅವಳು ಹೇಳಿದ್ದು ಸಣ್ಣ ಮಾತಲ್ಲ. ವರ್ಷಕ್ಕೊಂದು ಸಲ ಕಲ್ಲುಬಾನಿ ನೋಡಿಕೊಳ್ಳುವ ಛತ್ರದ ಮರಿಯಪ್ಪನವರು ಮನೆಮನೆಗೆ ಬಂದು, ಮನೆಯ ಹಿರಿಯಳು ತನ್ನ ಕೈಯಾರೆ ನಾದಿ ಮಾತು ಹೇಳಿದ ಹಿಟ್ಟು ಉಬ್ಬುತ್ತದೋ ಇಲ್ಲವೋ ನೋಡುತ್ತಾರೆ. ಉಬ್ಬದಿದ್ದರೆ ಆ ಮನೆಯ ಹುಳಿಯ ಜಾಡಿ ಕಲ್ಲುಬಾನಿಗೆ ವಾಪಸು. ಆಮೇಲೆ ಆ ಮನೆಗೆ ಬೀದಿಯವರೇ ದಿನಾ ಬ್ರೆಡ್ಡು ಕಳಿಸುತ್ತಾರೆ, ಪ್ರೀತಿಯಿಂದಲೇ ಕಳಿಸುತ್ತಾರೆ. ಮೂಲೆಮನೆಯ ಗುಂಡಾಚಾರಿಯ ಹೆಂಡತಿಗೆ ಹಾಗಾಗಿತ್ತು. ಆಕೆ ಕೊನೆಯವರೆಗೂ ಬೆಳಿಗ್ಗೆ ಎದ್ದು ನಾದುವುದಕ್ಕೆ ಹೋಗುವವಳ ಹಾಗೆ ಮೊಣಕೈ ತನಕ ಕೈ ತೊಳೆದುಕೊಂಡು, ಜಗಲಿಯ ಮೇಲೆ ಬಂದು ಸುಮ್ಮನೆ ಕೂರುತ್ತಿದ್ದಳು. ಹೊಂಬಾಳಮ್ಮ ಹಾಗೆ ಕೂತಿರುವುದನ್ನು ನೆನೆಸಿಕೊಂಡರೇ ನನಗೆ ಸಂಕಟವಾಯಿತು. ನಾನು ಆವತ್ತು ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಮಾಡಿದೆ. ನನಗೆಂದು ಎತ್ತಿಟ್ಟುಕೊಂಡಿದ್ದ ಒಂದು ಮಾತನ್ನು ಸುನಂದಳ ಕಿವಿಯಲ್ಲಿ ಹೇಳಿ ಬಂದೆ. ಮಾರನೆಯ ದಿನ ನಮ್ಮ ಮನೆಯಲ್ಲಿ ಚಪ್ಪಟೆ ಬ್ರೆಡ್ಡು. ನಮ್ಮ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ಕೇಳದೆ ತಿಂದರು.

ಇಷ್ಟೆಲ್ಲ ಮಾಡಿದರೂ ಗುಟ್ಟು ನಿಲ್ಲಲಿಲ್ಲ. ಹುಳಿ ನೋಡುವ ದಿನಕ್ಕೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ ಹೊಂಬಾಳಮ್ಮನವರಿಗೆ ಮಧ್ಯಾಹ್ನ ಬೇಗ ಎಚ್ಚರವಾಗಿಬಿಟ್ಟಿತು. ಅವರ ದನಿ ನನ್ನ ಮಿಷನ್ನಿನ ಸದ್ದನ್ನೂ ದಾಟಿ ಕೇಳಿಸಿತು.

‘ನನ್ನ ಬೋಗುಣಿಗೆ ಕೈ ಹಾಕಿದ್ಯಾ? ನನ್ನ ಮಾತು ಸಾಲ್ದು ಅಂತ ನಿನ್ನ ಮಾತು ತುರುಕ್ತಿದ್ದೀಯಾ? ನಾನಿನ್ನೂ ಬದುಕಿದ್ದೀನಿ ಕಣೆ.’

ಹಿಟ್ಟಿನ ಮುದ್ದೆ ಬೀದಿಗೆ ಬಂದು ಬಿತ್ತು. ಕೋಳಿಗಳು ಓಡಿಬಂದವು. ಸುನಂದ ಬಾಗಿಲಲ್ಲಿ ನಿಂತಿದ್ದಳು, ಹಿಟ್ಟು ಮೆತ್ತಿದ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ. ಆವತ್ತಿನಿಂದ ಹೊಂಬಾಳಮ್ಮ ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದರು. ಆ ಮನೆಯಿಂದ ಬನ್ನಿನ ವಾಸನೆ ಬರುವುದು ನಿಂತಿತು. ನಲ್ಲಿಯ ಹತ್ತಿರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬಾಯಿ ಬಿಟ್ಟು ಯಾರೂ ಏನೂ ಅನ್ನಲಿಲ್ಲ. ಹೊಸ ಮಾತನ್ನು ಹಾಗೆ ಹಾಳುಮಾಡಿಕೊಳ್ಳುವವರು ನಮ್ಮಲ್ಲಿ ಇಲ್ಲ.

ಒಂದು ಸಂಜೆ ಲಿಂಗರಾಜು ನನ್ನ ಕಿಟಕಿಯ ಹತ್ತಿರ ಬಂದು ನಿಂತ. ಅವನು ತಾನಾಗಿ ಬಂದು ಮಾತಾಡಿಸಿದ್ದು ನನಗೆ ನೆನಪಿಲ್ಲ. ರೆಪ್ಪೆಯ ಮೇಲೆಲ್ಲ ಹಿಟ್ಟಿನ ಧೂಳು. ‘ಅಕ್ಕ, ಮರಿಯಪ್ಪೋರಿಗೆ ಒಂದ್ಮಾತು ಹೇಳಕ್ಕಾಗತ್ತಾ? ಅವ್ವಂಗೆ ನಾದೋದು ಬಿಟ್ರೆ ಬೇರೆ ಏನೂ ಗೊತ್ತಿಲ್ಲ’ ಎಂದ. ನಾನು ಕತ್ತರಿ ಕೆಳಗಿಟ್ಟು ಆಗಲೇ ಛತ್ರಕ್ಕೆ ಹೋದೆ. ಮರಿಯಪ್ಪನವರು ಮೃದು ಮನುಷ್ಯ. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, ಹೇಳಿದರು: ‘ನಾನು ನೋಡೋದು ಹಿಟ್ಟನ್ನ ತಾಯಿ, ಮನುಷ್ಯರನ್ನಲ್ಲ. ಮನುಷ್ಯರನ್ನ ನೋಡ್ತಾ ಕೂತ್ರೆ ಯಾರ ಮನೆ ಜಾಡೀನೂ ಎತ್ತಕ್ಕಾಗಲ್ಲ ನನ್ನ ಕೈಲಿ. ಹೊಸ ಮಾತಿಲ್ಲದ ಮನೇಲಿ ಹುಳಿ ಸತ್ತುಹೋಗತ್ತೆ. ನೀವೂ ಬನ್ನಿ, ಬೀದಿ ಪರವಾಗಿ ಒಬ್ಬರು ಇರ್ಬೇಕಲ್ಲ.’

ಹಾಗೆ ಆ ದಿನ ನಾನೂ ಆ ಮನೆಯ ನಡುಮನೆಯಲ್ಲಿ ಕೂತಿದ್ದೆ. ಹುಳಿಯ ಜಾಡಿ ಕಿಟಕಿಯ ಕಟ್ಟೆಯ ಮೇಲಿತ್ತು, ಅದನ್ನು ಒಯ್ಯುವುದಕ್ಕೆ ಮರಿಯಪ್ಪನವರು ತಂದ ಬುಟ್ಟಿ ಅವರ ಕಾಲ ಬಳಿ ಇತ್ತು. ಲಿಂಗರಾಜು ಹೊರಗೆ ಜಗಲಿಯ ಮೇಲೆ ಬೆನ್ನು ಹಾಕಿ ಕೂತಿದ್ದ. ಹೊಂಬಾಳಮ್ಮ ಸ್ನಾನ ಮಾಡಿ, ನಾನು ಹೊಲಿದ ಹಸಿರು ರವಿಕೆ ಹಾಕಿಕೊಂಡು, ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ನಾದತೊಡಗಿದರು. ಕೈ ಮಾತ್ರ ಒಂದಿಷ್ಟೂ ಮರೆತಿರಲಿಲ್ಲ. ಒತ್ತುವುದು, ಮಡಿಸುವುದು, ಕಾಲುಭಾಗ ತಿರುಗಿಸುವುದು, ಮತ್ತೆ ಒತ್ತುವುದು. ಬೆಣ್ಣೆ ಹೀರಿಕೊಂಡು ಹಿಟ್ಟು ನುಣ್ಣಗಾಗುತ್ತಾ ಬಂತು. ಸುನಂದಳಿಗೆ ಒಳಗೆ ಕಾಲಿಡುವ ಅಪ್ಪಣೆ ಇರಲಿಲ್ಲ, ಹೊಸ್ತಿಲಾಚೆ ನಿಂತಿದ್ದಳು. ಮಾತು ಶುರುವಾಗುವ ಹೊತ್ತಾಯಿತೆಂದು ಮರಿಯಪ್ಪನವರೂ ನಾನೂ ಕಿವಿ ಮುಚ್ಚಿಕೊಂಡೆವು. ಮರಿಯಪ್ಪನವರು ಪ್ರಾಮಾಣಿಕರು, ಬಿಗಿಯಾಗಿ ಮುಚ್ಚಿ ಕಣ್ಣನ್ನೂ ಮುಚ್ಚಿದರು. ನನ್ನ ವಿಷಯ ಗೊತ್ತೇ ಇದೆ.

‘ನನ್ನ ಮದುವೆ ದಿನ’ ಎಂದು ಹೊಂಬಾಳಮ್ಮ ಹಿಟ್ಟಿಗೆ ಹೇಳಿದರು, ‘ಒಂದು ಮೇಕೆ.’

ಹೊಸ್ತಿಲಾಚೆ ಸುನಂದ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

‘ಒಂದು ಮೇಕೆ’ ಎಂದು ಇನ್ನೊಮ್ಮೆ ಹೇಳಿದರು. ಕೈ ನಿಧಾನವಾಯಿತು. ‘ಮೇಕೆ ಬಂತು. ಬಂದು...’ ಮೇಕೆ ಬಂದು ಏನು ಮಾಡಿತು ಅನ್ನುವುದು ಅವರಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಅವರ ಹತ್ತಿರ ಉಳಿದಿದ್ದ ಕಥೆಯೂ ಆವತ್ತು ಅರ್ಧಕ್ಕೆ ನಿಂತುಹೋಯಿತು. ಹಿಟ್ಟಿನ ಮೇಲೆ ಕೈ ಇಟ್ಟುಕೊಂಡು ಗೋಡೆ ನೋಡಿದರು, ಒಲೆ ನೋಡಿದರು, ಬಾಗಿಲು ನೋಡಿದರು. ಬಾಗಿಲಲ್ಲಿ ಅವರ ಕಣ್ಣು ನಿಂತಿತು. ತುಂಬಾ ಹೊತ್ತು ನೋಡಿದರು. ಆಮೇಲೆ ಹಿಟ್ಟಿನ ಕಡೆ ಬಾಗಿ, ಪಕ್ಕದ ಮನೆಯವಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

‘ಬಾಗಿಲಲ್ಲಿ ಒಬ್ಬಳು ನಿಂತಿದ್ದಾಳೆ. ಯಾರೋ, ನಂಗೆ ಗೊತ್ತಿಲ್ಲ. ಅಳ್ತಿದ್ದಾಳೆ. ಸದ್ದೇ ಇಲ್ಲ ನೋಡು, ಮೂಗು ಕೂಡ ಸೊರ್ ಅಂತಿಲ್ಲ. ಇಷ್ಟು ಸದ್ದಿಲ್ಲದೆ ಅಳೋದು ಒಂದೆರಡು ದಿನಕ್ಕೆ ಬರಲ್ಲ. ತುಂಬ ವರ್ಷ ಅತ್ತಿರ್ಬೇಕು. ಯಾವ ಮನೇಲಿ ಕಲಿತಳೋ ಪಾಪ.’

ಸುನಂದ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು ಕಿವಿಯ ಮೇಲಿನ ಕೈಯನ್ನು ತೆಗೆಯುವುದೂ ಮರೆತು ಕೂತೆ. ಹೊಂಬಾಳಮ್ಮ ಹಿಟ್ಟನ್ನು ಉಂಡೆ ಮಾಡಿ ಬೋಗುಣಿಗೆ ಹಾಕಿ, ಒದ್ದೆ ಬಟ್ಟೆ ಹೊದಿಸಿ, ಮೇಲೊಂದು ತಟ್ಟೆ ಮುಚ್ಚಿದರು. ಮರಿಯಪ್ಪನವರಿಗೆ ಒಂದು ಲೋಟ ಕಾಫಿ ಕೊಟ್ಟೆ. ಅವರು ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಅಡುಗೆಮನೆಯಲ್ಲಿ ತಟ್ಟೆ ಟಣ್ಣೆಂದು ನೆಲಕ್ಕೆ ಬಿತ್ತು. ಹೋಗಿ ನೋಡಿದರೆ ಒದ್ದೆ ಬಟ್ಟೆಯನ್ನೂ ಎತ್ತಿಕೊಂಡು ಹಿಟ್ಟು ಬೋಗುಣಿಯ ಮೇಲೆ ಬಂದು ಕೂತಿತ್ತು. ಮರಿಯಪ್ಪನವರು ಒಂದು ಬೆರಳಿಂದ ಮೆಲ್ಲಗೆ ಅದುಮಿದರು. ಅದು ತಗ್ಗಿ, ಮತ್ತೆ ನಿಧಾನಕ್ಕೆ ಮೇಲೆ ಬಂತು. ‘ಜಾಡಿ ಇಲ್ಲೇ ಇರ್ಲಿ’ ಎಂದು ಖಾಲಿ ಬುಟ್ಟಿ ಎತ್ತಿಕೊಂಡು ಹೊರಟರು. ಜಗಲಿಯಲ್ಲಿ ಲಿಂಗರಾಜು ಎದ್ದು ಅವರ ಕೈ ಹಿಡಿದುಕೊಂಡ.

ಹೊಂಬಾಳಮ್ಮ ಬನ್ನು ಉಂಡೆ ಕಟ್ಟುತ್ತಿರುವಾಗ ನಾನು ಸುನಂದಳನ್ನು ಹಿತ್ತಲಿಗೆ ಕರೆದೆ. ಅವಳು ಬಾವಿಕಟ್ಟೆಯ ಮೇಲೆ ಕೂತಳು.

‘ನಿಮಗೆ ಕೇಳಿಸ್ತಾ?’ ಎಂದಳು.

‘ಕೇಳಿಸ್ತು’ ಎಂದೆ. ಅವಳ ಹತ್ತಿರ ಸುಳ್ಳು ಹೇಳುವ ಮನಸ್ಸಾಗಲಿಲ್ಲ.

‘ನನ್ನ ಗುರುತೂ ಹೋಯ್ತು ವಿಶಾಲಕ್ಕ. ಇವರದ್ದು ಹೋದಾಗ ನನ್ನದಾದ್ರೂ ಇದೆಯಲ್ಲ ಅಂದ್ಕೊಂಡಿದ್ದೆ.’ ಬಾವಿಯೊಳಗೆ ಬಗ್ಗಿ ನೋಡಿದಳು. ‘ನಾನು ಅಳ್ತೀನಿ ಅಂತ ಈ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಅತ್ತೆ ನನ್ನನ್ನ ಸರಿಯಾಗಿ ನೋಡಿದ್ದು ಇವತ್ತೇ. ನಂಗೆ ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.’

ಹಿಟ್ಟಿಗೆ ಬೇಕಾದ ಮಾತು ಹುಡುಕಿಕೊಂಡು ನಾನು ಇಷ್ಟು ವರ್ಷ ಆ ಕಿಟಕಿಯಲ್ಲಿ ಕೂತಿದ್ದೇನೆ, ಎದುರು ಮನೆಯ ಇರುವೆಯ ದಾರಿಯೂ ನನಗೆ ಗೊತ್ತು. ಇವಳ ಅಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಳಗಿನಿಂದ ಬನ್ನು ಬೇಯುವ ವಾಸನೆ ಬಂತು, ಮೊದಲು ಹಾಲಿನದು, ಆಮೇಲೆ ಬೆಣ್ಣೆಯದು. ನಾವಿಬ್ಬರೂ ಎದ್ದು ಒಳಗೆ ಹೋದೆವು.

ಹೊಂಬಾಳಮ್ಮ ತಟ್ಟೆಯಲ್ಲಿ ಬಿಸಿ ಬನ್ನು ಜೋಡಿಸುತ್ತಿದ್ದರು. ಸುನಂದಳನ್ನು ಕಂಡು, ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ ಮುಖ ಅರಳಿಸಿ, ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ಅವಳ ಕೈಯಲ್ಲಿಟ್ಟರು. ‘ತಗೊಳಮ್ಮ, ತಿನ್ನು. ಬಿಸಿ ಇದೆ, ನಿಧಾನ’ ಎಂದರು. ಅವಳು ಮುರಿದು ಬಾಯಿಗಿಟ್ಟುಕೊಳ್ಳುವುದನ್ನೇ ನೋಡುತ್ತಾ ಕೇಳಿದರು: ‘ಯಾವೂರಮ್ಮ ನಿಂದು?’

ಆ ಪ್ರಶ್ನೆ ಕೇಳಿ ನನಗೇ ಮುಜುಗರವಾಯಿತು. ಮುಗಿದುಹೋದ ತವರನ್ನು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಸುನಂದ ತಲೆ ತಗ್ಗಿಸಿ ಹೇಳಿದಳು: ‘ಅದನ್ನೆಲ್ಲ ಹೇಳಿ ಆಗಿದೆ ಅತ್ತೆ. ಇನ್ನು ಹಿಟ್ಟಿಗೆ ಉಪಯೋಗಕ್ಕೆ ಬರಲ್ಲ.’

‘ಹಿಟ್ಟಿನ ಮಾತು ಯಾಕೀಗ?’ ಎಂದರು ಹೊಂಬಾಳಮ್ಮ. ‘ಹಿಟ್ಟು ಕೇಳ್ತಿಲ್ಲಮ್ಮ, ನಾನು ಕೇಳ್ತಿರೋದು. ಇಲ್ಲಿ ಬಾ, ಕೂತ್ಕೊ. ತಲೆ ಎಷ್ಟು ಒಣಗಿಸ್ಕೊಂಡಿದ್ದೀಯ ನೋಡು. ಎಣ್ಣೆ ಬಟ್ಟಲು ಎಲ್ಲಿ?’

ಬಟ್ಟಲು ನಾನೇ ಹುಡುಕಿ ತಂದುಕೊಟ್ಟೆ. ಸುನಂದ ಅತ್ತೆಯ ಮುಂದೆ ಕೂತಳು. ಎಣ್ಣೆಯ ಕೈ ನೆತ್ತಿಗೆ ತಾಗಿದ ಮೇಲೆ ನಿಧಾನಕ್ಕೆ ಶುರುಮಾಡಿದಳು. ಅವಳ ಅಪ್ಪ ಹರಿಗೋಲು ಹಾಕುತ್ತಿದ್ದರಂತೆ. ಬೇಸಿಗೆಯಲ್ಲಿ ನದಿ ಬತ್ತಿದಾಗ ಹರಿಗೋಲನ್ನು ಅಂಗಳದಲ್ಲಿ ಬೋರಲು ಹಾಕಿಡುತ್ತಿದ್ದರಂತೆ. ಮಧ್ಯಾಹ್ನ ಇವಳು ಅದರ ಕೆಳಗೆ ನುಸುಳಿಕೊಂಡು ಮಲಗುತ್ತಿದ್ದಳಂತೆ. ಒಳಗೆಲ್ಲ ಕತ್ತಲು, ನೀರಿನ ವಾಸನೆ. ಅವಳಮ್ಮ ಮನೆಯೆಲ್ಲ ಹುಡುಕುತ್ತಾ ಬಂದು ಹರಿಗೋಲಿನ ಪಕ್ಕದಲ್ಲೇ ನಿಂತು, ಇವಳು ಅಲ್ಲೇ ಇರುವುದು ಗೊತ್ತಿದ್ದೂ, ಗೊತ್ತಿಲ್ಲದವಳ ಹಾಗೆ ಹೆಸರು ಹಿಡಿದು ಕೂಗುತ್ತಿದ್ದಳಂತೆ.

‘ಆಮೇಲೆ?’ ಎಂದರು ಹೊಂಬಾಳಮ್ಮ.

ಆ ಹರಿಗೋಲನ್ನು ನಾನು ಎಷ್ಟೋ ವರ್ಷದ ಹಿಂದೆ ಕಾಫಿಯಲ್ಲಿ ಅದ್ದಿ ತಿಂದಿದ್ದೆ. ಕೇಳಿದ್ದು ಆವತ್ತೇ ಮೊದಲು. ಅಭ್ಯಾಸಬಲದಿಂದ ನನ್ನ ಕೈಗಳು ಮತ್ತೆ ಕಿವಿಯ ಮೇಲೆ ಹೋಗಿದ್ದವು. ಹಿಟ್ಟಿನ ಮಾತಲ್ಲವಲ್ಲ ಎಂದು ನೆನಪಾಗಿ ಅವನ್ನು ಕೆಳಗಿಳಿಸಿ, ಗೋಡೆಗೆ ಒರಗಿ ಕೂತುಕೊಂಡೆ.